ನೆಟ್ ಮುಂದಿನ ಮಣ್ಣು

ರೆಫರಿ ಮೇಡಂ ಬೇಸ್‌ಲೈನಿನಿಂದ ಅಂದರೆ ಟೆನಿಸ್ ಕೋರ್ಟಿನ ಕೊನೇ ಗೆರೆಯಿಂದ ಹಿಂದಕ್ಕೆ ಏಳೆಂಟು ಹೆಜ್ಜೆ ನಡೆದು ನಿಂತರು. ಬಲಗಾಲಿನ ಹಿಮ್ಮಡಿಯನ್ನು ನೆಲಕ್ಕೆ ಊರಿ ಒಮ್ಮೆ ತಿರುವಿದರು. ಹಿಮ್ಮಡಿ ಎರಡು ಬೆರಳಿನಷ್ಟು ಒಳಗೆ ಹೋಯಿತು. ಕಾಲು ತೆಗೆದು ಆ ಕುಳಿಯನ್ನು ನನಗೆ ತೋರಿಸಿ, ಕೈಯಲ್ಲಿದ್ದ ಹಾಳೆಯ ಮೇಲೆ ಏನೋ ಬರೆದುಕೊಂಡರು. ನನಗೆ ಮೂಗಿನ ತುದಿಯಲ್ಲೇ ಸಿಟ್ಟು. ಆದರೆ ಬಡವನ ಸಿಟ್ಟು ದವಡೆಗೆ ಮೂಲ ಅಂತಾರಲ್ಲ, ಬಾಯಿ ಮುಚ್ಚಿಕೊಂಡು ನಿಂತೆ.

ನಾನು ಕೊಲ್ಹಾಪುರದ ಒಂದು ಹಳೆಯ ಕ್ಲಬ್ಬಿನ ಮಾರ್ಕರ್. ಮಾರ್ಕರ್ ಅಂದರೆ ಟೆನಿಸ್ ಕೋರ್ಟಿನ ಮಣ್ಣು ನೋಡಿಕೊಳ್ಳುವವ, ಗೆರೆ ಹಾಕುವವ, ಜೊತೆಗಾರ ಕೈಕೊಟ್ಟ ಮೆಂಬರರ ಎದುರು ನಿಂತು ಚೆಂಡು ಹೊಡೆಯುವವ. ನಮ್ಮಲ್ಲಿದ್ದ ಮೂರು ಕೋರ್ಟುಗಳಲ್ಲಿ ಎರಡು ಆಗಲೇ ಸಿಮೆಂಟ್ ಆಗಿದ್ದವು. ಮಣ್ಣಿನದು ಒಂದೇ ಉಳಿದಿತ್ತು. ಆ ಒಂದರ ಮೇಲೆ ಆ ಚಳಿಗಾಲದಲ್ಲಿ, ದೇಶ ತಿರುಗಿ ಬಹುಮಾನಕ್ಕಾಗಿ ಆಡುವ ಎಂಟು ಆಟಗಾರ್ತಿಯರ ಸ್ಪರ್ಧೆ ನಡೆಯುವುದಿತ್ತು. ಅವರಿಗೆ ಮಣ್ಣೇ ಬೇಕಿತ್ತು. ಅದಕ್ಕೇ ಕೊಲ್ಹಾಪುರಕ್ಕೆ ಬರುವವರಿದ್ದರು.

ಬೇಸ್‌ಲೈನಿನ ಹಿಂದೆ ಇಪ್ಪತ್ತೊಂದು ಅಡಿ ಇರಬೇಕು ಅಂತ ಲೆಕ್ಕ. ಇತ್ತು. ಆದರೆ ಗಟ್ಟಿಯಾಗಿ ಕಟ್ಟಿದ ಮಣ್ಣು ಹನ್ನೆರಡು ಅಡಿಯವರೆಗೆ ಮಾತ್ರ. ಉಳಿದ ಒಂಬತ್ತು ಅಡಿಯಲ್ಲಿ ನಾನು ದಾಸವಾಳ ಹಚ್ಚಿದ್ದೆ, ರೋಲರ್ ನಿಲ್ಲಿಸುತ್ತಿದ್ದೆ, ನೀರಿನ ಪೈಪು ಸುತ್ತಿಡುತ್ತಿದ್ದೆ. ಅಲ್ಲಿಗೆ ಯಾರು ಬರುತ್ತಿದ್ದರು? ಚೆಂಡು ಹೆಕ್ಕಲು ನಾನೇ. ಮೇಡಂ ಸಾವಕಾಶವಾಗಿ ಮರಾಠಿಯಲ್ಲಿ ಹೇಳಿದರು, ಈಗಿನವರು ಆಡುವುದೇ ನೀವು ತೋಟ ಮಾಡಿದ ಈ ಜಾಗದಲ್ಲಿ, ಹದಿನೈದು ದಿನ ಬಿಟ್ಟು ಮತ್ತೆ ಬರುತ್ತೇನೆ, ಎರಡೂ ಬದಿಗೆ ಈ ಒಂಬತ್ತು ಅಡಿ ಕೋರ್ಟಿನಷ್ಟೇ ಗಟ್ಟಿ ಇರಬೇಕು, ಇಲ್ಲದಿದ್ದರೆ ಸ್ಪರ್ಧೆ ಬೇರೆ ಊರಿಗೆ ಹೋಗುತ್ತದೆ ಎಂದು. ಅವರು ಹೋದ ಮೇಲೆ ಕ್ಲಬ್ಬಿನ ಸೆಕ್ರೆಟರಿ ನನ್ನನ್ನು ಕರೆದು, ಸ್ಪರ್ಧೆ ಹೋದರೆ ಈ ಕೋರ್ಟಿಗೂ ಸಿಮೆಂಟೇ ಎಂದರು. ಕಮಿಟಿ ಆಗಲೇ ತೀರ್ಮಾನ ಮಾಡಿ ಇಟ್ಟಿತ್ತು.

ಸಿಮೆಂಟಿಗೆ ಮಾರ್ಕರ್ ಬೇಡ, ಕಸಬರಿಗೆ ಸಾಕು.

ಆ ಸಂಜೆಯೇ ಇಚಲಕರಂಜಿಯ ಹುಡುಗಿ ಅಭ್ಯಾಸಕ್ಕೆ ಬಂದಳು. ಆ ಎಂಟು ಜನರಲ್ಲಿ ಅವಳೂ ಒಬ್ಬಳು. ಮಗ್ಗದ ಮನೆಯವಳು, ಮನೆಮಾತು ಕನ್ನಡ, ನನಗೆ ಕಾಕಾ ಅನ್ನುತ್ತಿದ್ದಳು. ಹಿಂದಿನ ವಾರ ಅವಳೂ ಅದೇ ತಕರಾರು ಹೇಳಿದ್ದಳು, ಹಿಂದ ಕಾಲು ಹೂತು ಹೋಗತೈತಿ ಕಾಕಾ ಎಂದು. ನಾನು, ಕುಣಿಯಲಾರದವಳು ನೆಲ ಡೊಂಕು ಅಂದಳಂತೆ ಎಂದು ನಕ್ಕು ಬಿಟ್ಟಿದ್ದೆ. ಈಗ ನಗು ಬರಲಿಲ್ಲ. ಬೇಲಿಯ ಪಕ್ಕ ಕೂತು ಅವಳ ಕಾಲುಗಳನ್ನೇ ನೋಡಿದೆ. ಮುಕ್ಕಾಲು ತಾಸು ನೋಡಿದೆ. ಮಗ್ಗದ ಲಾಳಿಯ ಹಾಗೆ ಎಡದಿಂದ ಬಲಕ್ಕೆ, ಬಲದಿಂದ ಎಡಕ್ಕೆ. ಹಿಂದಕ್ಕೆ ಸರಿದು, ಜಾರಿ, ಎರಡೂ ಕೈಯಲ್ಲಿ ರಾಕೆಟ್ ಹಿಡಿದು ಕೆಳಗಿನಿಂದ ಮೇಲಕ್ಕೆ ಉಜ್ಜಿ ಹೊಡೆಯುವಳು. ಚೆಂಡು ನೆಟ್ಟಿನ ಮೇಲೆ ಒಂದಾಳೆತ್ತರ ಹೋಗಿ, ಆ ಕಡೆ ಬಿದ್ದು, ಭುಜದ ಮೇಲಕ್ಕೆ ಪುಟಿಯುತ್ತಿತ್ತು. ನೆಟ್ ಕಡೆಗೆ ಒಂದು ಸಲವೂ ಬರಲಿಲ್ಲ.

ಇಷ್ಟು ಹಿಂದೆ ಯಾಕೆ ನಿಲ್ಲುತ್ತೀಯವ್ವಾ ಎಂದು ಕೇಳಿದೆ.

"ಎದುರಿನಾಕಿನೂ ಹಿಂಗ ಹೊಡಿತಾಳಲ್ಲ ಕಾಕಾ. ಚೆಂಡು ನನ್ನ ಕಿವಿ ಮಟ್ಟ ಬರ್ತೈತಿ. ಅದು ಸೊಂಟಕ್ಕ ಇಳಿಯೂತನಕಾ ನಾ ಹಿಂದ ಸರೀಬೇಕು. ಮುಂದ ಹೋದ್ರ ಬಾಜೂಕಿಂದ ದಾಟಿಸಿಬಿಡ್ತಾರ."

ಅವಳು ಹೋದ ಮೇಲೆ ಕೋರ್ಟಿನ ಮೇಲೆ ಉಳಿದ ಗುರುತುಗಳನ್ನು ನೋಡಿದೆ. ಹಿಂದೆ ಉದ್ದುದ್ದ ಜಾರು ಗೆರೆಗಳು. ನನ್ನ ದಾಸವಾಳದ ಪಾತಿಯಲ್ಲಿ ಎರಡು ಹೆಜ್ಜೆ. ನೆಟ್ ಮುಂದೆ ಏನೂ ಇಲ್ಲ, ಸಾರಿಸಿದ ಅಂಗಳ.

ಆಗ ನನಗೆ ಸಾವಕಾರರು ನೆನಪಾದರು.

ಸಾವಕಾರರು ಅಂದರೆ ಗಡಹಿಂಗ್ಲಜದ ಬೆಲ್ಲದ ವ್ಯಾಪಾರಿ. ವಾರಕ್ಕೆ ಮೂರು ದಿನ ಕೊಲ್ಹಾಪುರದ ಪೇಟೆಗೆ ಬರುತ್ತಿದ್ದರು, ಮೂರೂ ದಿನ ಬೆಳಿಗ್ಗೆ ಮೊದಲು ಕೋರ್ಟಿಗೆ. ಹಣೆಯ ಮೇಲೆ ಮೂರು ಬೆರಳಿನ ವಿಭೂತಿ, ಮೈಮೇಲೆ ಇಸ್ತ್ರಿ ಮಾಡಿದ ಬಿಳಿ ಪ್ಯಾಂಟು. ಪ್ರಾಯದಲ್ಲಿ ದೊಡ್ಡ ದೊಡ್ಡ ಊರಿನ ಟೂರ್ನಮೆಂಟುಗಳಲ್ಲಿ, ಹುಲ್ಲಿನ ಮೇಲೆ, ಹೊರದೇಶದಿಂದ ಬಂದವರ ಎದುರು ಆಡಿದ್ದವರು. ಅವರ ಆಟ ಒಂದೇ ಥರ. ಸರ್ವ್ ಮಾಡುವುದು, ಅದರ ಹಿಂದೆಯೇ ಓಡುವುದು, ನೆಟ್ಟಿಗೂ ಕೊನೇ ಗೆರೆಗೂ ನಡುವಿನ ಸರ್ವಿಸ್ ಗೆರೆಯ ಹತ್ತಿರ ಎರಡೂ ಕಾಲು ಜೋಡಿಸಿ ಒಂದು ಸಣ್ಣ ಜಿಗಿತ, ಮತ್ತೆ ಎರಡು ಹೆಜ್ಜೆ, ಚೆಂಡು ನೆಲ ಮುಟ್ಟುವ ಮೊದಲೇ ಗಾಳಿಯಲ್ಲಿ ವಾಲಿ. ಮುಗಿಯಿತು. ಹಿಂದೆ ನಿಂತು ಹೊಡೆದಾಡುವವರನ್ನು ಕಂಡರೆ, ಬಾಗಿಲೊಳಗ ನಿಂತು ಜಗಳಾಡೂ ಮಂದಿ ಎಂದು ಹಂಗಿಸುತ್ತಿದ್ದರು.

ಆ ಕಾಲದಲ್ಲಿ ಎಲ್ಲರದೂ ಅದೇ ದಾರಿ. ಮರದ ರಾಕೆಟ್ ಹೋಗಿ ಹೊಸದು ಬಂದ ಮೇಲೂ ಕೆಲ ವರ್ಷ ಹಾಗೇ ಇತ್ತು. ಕೋರ್ಟ್ ಸವೆಯುತ್ತಿದ್ದದ್ದೂ ಆ ದಾರಿಯಲ್ಲೇ. ಬೇಸ್‌ಲೈನಿನ ನಡುವಿನಿಂದ ಹೊರಟು, ಸರ್ವಿಸ್ ಗೆರೆಯಲ್ಲಿ ಜೋಡಿ ಪಾದ, ಅಲ್ಲಿಂದ ಎಡಕ್ಕೊಂದು ಬಲಕ್ಕೊಂದು ಕವಲು. ಸಂಜೆ ನಾನು ಬುಟ್ಟಿ ಹಿಡಿದು ಆ ದಾರಿಯನ್ನೇ ತುಂಬುತ್ತಿದ್ದೆ. ಎಲ್ಲಕ್ಕಿಂತ ಒಳ್ಳೆ ಮಣ್ಣು, ಜರಡಿ ಹಿಡಿದದ್ದು, ಇಟ್ಟಿಗೆ ಪುಡಿ ಕೂಡಿಸಿದ್ದು, ನೆಟ್ ಮುಂದಕ್ಕೆ. ಉಳಿದದ್ದು ಹಿಂದಕ್ಕೆ. ಸಾವಕಾರರು ಆಟ ನಿಲ್ಲಿಸಿದ ದಿನ ನೆಟ್ ಮುಂದಿನ ತಮ್ಮ ಜಾಗವನ್ನು ಬೂಟಿನ ತುದಿಯಿಂದ ಮುಟ್ಟಿ, ಇದನ್ನು ಹೀಗೇ ಇಡು, ನಾನು ಬಂದು ನೋಡುತ್ತಿರುತ್ತೇನೆ ಎಂದಿದ್ದರು. ನಾನೂ ಹೂಂ ಅಂದಿದ್ದೆ. ಆಟ ಹಿಂದಕ್ಕೆ ಹೋಯಿತು, ನನ್ನ ಬುಟ್ಟಿ ಮಾತ್ರ ಮುಂದೇ ಹೋಗುತ್ತಿತ್ತು. ಯಾರೂ ತುಳಿಯದ ಜಾಗಕ್ಕೆ ಎಷ್ಟೋ ವರ್ಷ ಮಣ್ಣು ಉಣ್ಣಿಸಿದೆ. ಇದು ನನ್ನ ತಪ್ಪು, ಬೇರೆ ಯಾರದೂ ಅಲ್ಲ.

ಕೆಲಸ ಶುರುವಾಯಿತು. ಮೊದಲ ದಿನ ದಾಸವಾಳ ಕಿತ್ತೆ. ಒಂಬತ್ತು ಅಡಿ ಅಗಲಕ್ಕೆ, ಎರಡೂ ಬದಿ, ಗೇಣು ಆಳ ತೋಡಿ ತೋಟದ ಮೆತ್ತನೆ ಮಣ್ಣನ್ನೆಲ್ಲ ಹೊರಗೆ ಹಾಕಿದೆ. ಜೊತೆಗೆ ಇಬ್ಬರು ಕೂಲಿಯವರು. ತೋಡಿದ್ದನ್ನು ತುಂಬಲು ಗಟ್ಟಿ ಮಣ್ಣು ಬೇಕು. ಇಲ್ಲಿ ನಾನು ಎಡವಿದೆ. ಎಷ್ಟಾದರೂ ನಾನು ಅಕಿವಾಟದವ, ಶಿರೋಳದ ಕಬ್ಬಿನ ಸೀಮೆಯವ. ನಮ್ಮ ಕಡೆ ಒಳ್ಳೆ ಮಣ್ಣು ಅಂದರೆ ಕರಿ ಮಣ್ಣು, ಅದಕ್ಕೆ ಕೈ ಮುಗಿಯುತ್ತಾರೆ. ನನ್ನ ತಲೆಯಲ್ಲೂ ಅದೇ. ಶಿರೋಳದಿಂದ ಎರಡು ಟ್ರಾಲಿ ಕರಿ ಮಣ್ಣು ತರಿಸಿ, ತುಂಬಿ, ನೀರು ಹೊಡೆದು, ರೋಲರ್ ಎಳೆದೆ. ಎರಡು ದಿನ ಕಲ್ಲಿನ ಹಾಗೆ ಕಾಣಿಸಿತು. ನಾನೂ ಮೀಸೆ ತಿರುವಿದೆ. ಮೂರನೇ ದಿನ ಬಿಸಿಲಿಗೆ ಬಾಯಿ ಬಿಟ್ಟಿತು, ಕೈಬೆರಳು ಹೋಗುವಷ್ಟು ಬಿರುಕು. ಮತ್ತೆ ನೀರು ಹೊಡೆದರೆ ಉಬ್ಬಿ ಬೂಟಿಗೆ ಅಂಟಿತು. ಬೆಳೆಗೆ ಬಂಗಾರ, ಆಟಕ್ಕೆ ಅಲ್ಲ. ಐದು ದಿನ ಮಣ್ಣುಪಾಲು ಆದವು, ಮಾತಿಗೆ ಹೇಳುವುದಲ್ಲ, ನಿಜವಾಗಿಯೂ.

ಅದನ್ನೂ ತೋಡಿ ತೆಗೆದೆ. ಆರನೇ ದಿನ ಟೆಂಪೋ ಮಾಡಿಕೊಂಡು ಕೆಂಪು ಮುರುಮು, ಅಂದರೆ ಸಣ್ಣ ಹರಳು ಬೆರೆತ ಕೆಂಪು ಮಣ್ಣು, ತರಲು ಗಡಹಿಂಗ್ಲಜಕ್ಕೆ ಹೋದೆ. ಕೋರ್ಟಿನ ಹಳೆಯ ಮಣ್ಣೂ ಆ ಕಡೆಯದೇ. ಸಾವಕಾರರ ಅಂಗಡಿ ದಾರಿಯಲ್ಲೇ. ಇಳಿಯದೆ ಹೋಗುವುದು ಹೇಗೆ? ಬೆಲ್ಲದ ಮುದ್ದೆಗಳ ನಡುವೆ ಖುರ್ಚಿ ಹಾಕಿಕೊಂಡು ಕೂತಿದ್ದರು, ಕೈಯಲ್ಲಿ ಕೋಲು. ಎಂಬತ್ತು ದಾಟಿದೆ, ಕಣ್ಣು ಮಾತ್ರ ಹಾಗೇ ಚುರುಕು. ಚಹಾ ತರಿಸಿದರು. ಸ್ಪರ್ಧೆಯ ಸುದ್ದಿ ಕೇಳಿ ಖುಷಿಪಟ್ಟರು. ನಾನು ಮಣ್ಣಿನ ಕಷ್ಟ ಹೇಳಲಿಲ್ಲ.

"ನನ್ನ ಜಾಗಾ ಹ್ಯಾಂಗ ಐತೋ ಮಾರ್ಕರ್?"

"ಹಂಗ ಐತ್ರಿ ಸಾವಕಾರ್ರ. ಒಂದ್ ಹೆಂಟಿನೂ ಅಳ್ಳಾಡಿಲ್ರಿ."

ಅವರು ತಲೆದೂಗಿದರು. ಕೊನೇ ದಿನದ ಆಟಕ್ಕೆ ಬರುತ್ತೇನೆ ಅಂದರು. ಒಂದು ಹೆಂಟೆಯೂ ಅಳ್ಳಾಡಿಲ್ಲ ಎಂದಾಗ ನಾನು ಸುಳ್ಳು ಹೇಳಿರಲಿಲ್ಲ. ಅದು ಸುಳ್ಳಾಗಲು ಎರಡು ದಿನ ಬೇಕಾಯಿತು.

ಹೊಸ ಮುರುಮು ಕೂಡಲಿಲ್ಲ. ಜರಡಿ ಹಿಡಿದೆ, ಇಟ್ಟಿಗೆ ಪುಡಿ ಹಾಕಿದೆ, ನೀರು ಕುಡಿಸಿದೆ, ರೋಲರ್ ಎಳೆದೆ. ನಮ್ಮ ರೋಲರ್ ಗೋಕುಳ ಶಿರಗಾಂವದ ಫೌಂಡ್ರಿಯಲ್ಲಿ ಎರಕ ಹೊಯ್ಸಿದ್ದು, ನಾಲ್ಕು ಜನ ಬೇಕು ಎಳೆಯಲು. ಆದರೂ ಬೂಟು ತಿರುವಿದರೆ ಹರಳು ಹರಳಾಗಿ ಏಳುತ್ತಿತ್ತು. ಹೊಸ ಮುರುಮಿಗೆ ಒಂದು ಮಳೆಗಾಲ ಬೇಕು, ಮೇಲೆ ಕಾಲಾಡಬೇಕು, ಆಗ ಅದು ಒಂದನ್ನೊಂದು ಹಿಡಿಯುತ್ತದೆ. ನನ್ನ ಹತ್ತಿರ ಏಳು ದಿನ ಇತ್ತು.

ಎಂಟನೇ ದಿನ ಮಧ್ಯಾಹ್ನ ನೆಟ್ ಕಂಬಕ್ಕೆ ಒರಗಿ ಕೂತು ರೊಟ್ಟಿ ತಿನ್ನುತ್ತಿದ್ದೆ. ಕಾಲ ಕೆಳಗಿನ ನೆಲ ನೋಡಿದೆ. ಉಗುರಿನಿಂದ ಗೀರಿದರೂ ಏಳದ ನೆಲ. ಎಷ್ಟೋ ಮಳೆ ಕುಡಿದ, ಎಷ್ಟೋ ಪಾದ ತಿಂದ ಹಳೇ ಮಣ್ಣು. ಎರಡೂ ಕಡೆ ಸರ್ವಿಸ್ ಗೆರೆಯಿಂದ ನೆಟ್ಟಿನವರೆಗೆ, ಗೇಣಿಗಿಂತ ಹೆಚ್ಚು ದಪ್ಪ. ಹಿಂದಿನ ತಗ್ಗಿಗೆ ಬೇಕಾದಷ್ಟು ಬರೋಬ್ಬರಿ ಇಲ್ಲೇ ಬಿದ್ದಿತ್ತು. ಅದನ್ನು ಹಿಂದಕ್ಕೆ ಒಯ್ದು, ಅದರ ಜಾಗಕ್ಕೆ ಹೊಸ ಮುರುಮು ತುಂಬಿದರೆ? ಮುಂದೆ ಯಾರೂ ಬರುವುದಿಲ್ಲ, ಹೊಸದು ಅಲ್ಲಿ ಮೆಲ್ಲಗೆ ಕೂಡಲಿ. ಎಷ್ಟು ಸರಳ. ಫೋನು ತೆಗೆದೆ, ಸಾವಕಾರರ ನಂಬರ್ ತೆಗೆದೆ, ಮತ್ತೆ ಕಿಸೆಗೆ ಹಾಕಿದೆ. ಕೇಳಿದರೆ ಬೇಡ ಅಂದಾರು. ಬೇಡ ಅಂದರೆ ಮಾಡಲಾರೆ. ಮಾಡದಿದ್ದರೆ ಆ ಜಾಗವೂ ಸಿಮೆಂಟಿನ ಅಡಿಗೇ. ಗುದ್ದಲಿ ಮೊದಲು ನಾನೇ ಹಾಕಿದೆ. ಕೂಲಿಯವರಿಗೆ ಬಿಡಲಿಲ್ಲ. ಸಾವಕಾರರ ಎಡಗಾಲು ಬೀಳುತ್ತಿದ್ದ ಜಾಗದಲ್ಲಿ ಮಣ್ಣು ಹೆಂಟೆಯಾಗಿ ಎದ್ದಿತು, ಒಳಗೆ ಪದರ ಪದರ. ಕಣ್ಣಲ್ಲಿ ನೀರು ಬಂದದ್ದು ಧೂಳಿಗಲ್ಲ.

ಹಿಂದಿನ ಮುರುಮು ತೆಗೆದು, ಹೆಂಟೆ ಒಡೆದು, ಜರಡಿ ಹಿಡಿದು, ಹದ ಮಾಡಿ ಅಲ್ಲಿ ತುಂಬಿದೆವು. ರೋಲರ್ ಎಳೆದು ಕಬ್ಬಿಣದ ಸಲಾಕೆ ಚುಚ್ಚಿ ನೋಡಿದರೆ, ಮೇಲೆ ಹಪ್ಪಳದಷ್ಟು ಗಟ್ಟಿ, ಅದರ ಕೆಳಗೆ ಸಲಾಕೆ ಸರ್ರನೆ ಇಳಿಯಿತು. ರೋಲರ್ ಮೇಲಷ್ಟೇ ಒತ್ತುತ್ತದೆ. ದೊಡ್ಡ ಯಂತ್ರ ತರೋಣ ಅಂದರೆ ನಮ್ಮ ಗೇಟಿನಲ್ಲಿ ಹಿಡಿಸುವುದಿಲ್ಲ. ಇನ್ನು ಐದು ದಿನ.

ನಾನು ಕುರುಬರ ಮನೆಯವ. ಅಕಿವಾಟದಲ್ಲಿ ನಮ್ಮ ಅಜ್ಜ ಹೊಸ ಕಣ ಮಾಡುವಾಗ ಮಣ್ಣು ನಾಲ್ಕು ಬೆರಳು ಹರಡಿ, ನೀರು ಚಿಮುಕಿಸಿ, ಮೇಲೆ ಕುರಿ ಹಿಂಡನ್ನು ಸುತ್ತಾಡಿಸುತ್ತಿದ್ದ. ಕುರಿಯ ಸಣ್ಣ ಗೊರಸು ಒಳಗೆ ಇಳಿದು ಅಡಿಯಿಂದ ಬಿಗಿಯುತ್ತ ಬರುತ್ತದೆ. ಆ ಕಣದ ಮೇಲೆ ಜೋಳ ಬಡಿದರೂ ಒಂದು ಹರಳು ಏಳುತ್ತಿರಲಿಲ್ಲ. ಇದು ನನಗೆ ಮೊದಲೇ ಯಾಕೆ ಹೊಳೆಯಲಿಲ್ಲವೋ. ಬಿಳಿ ಪ್ಯಾಂಟಿನವರ ನಡುವೆ ಇದ್ದೂ ಇದ್ದೂ ಕುರಿ ಮರೆತಿದ್ದೆ.

ನಮ್ಮ ಸೋದರಮಾವನ ಹಿಂಡು ಆ ದಿನಗಳಲ್ಲಿ ಕೊಲ್ಹಾಪುರದ ಹೊರಗೆ, ಕಬ್ಬು ಕಡಿದ ಹೊಲದಲ್ಲಿ ಬೀಡು ಬಿಟ್ಟಿತ್ತು. ಹೋಗಿ ಕೇಳಿದೆ. ಮಾವ ಮೊದಲು ನಕ್ಕ.

"ಅಲ್ಲೋ ಅಳಿಯಾ, ಸಾಹೇಬ ಮಂದಿ ಚೆಂಡಾಡೂ ಅಂಗಳದಾಗ ನನ್ನ ಕುರಿ ಏನ ಮಾಡಬೇಕ?"

"ಕಣಾ ತುಳದಂಗ ತುಳೀಬೇಕ ಮಾಂವ. ಇಲ್ಲಾಂದ್ರ ಅಂಗಳನೂ ಹೋಗತೈತಿ, ನಾನೂ ಹೋಗತೇನಿ."

ಮಾವ ನಗು ನಿಲ್ಲಿಸಿದ. ಮಾರನೇ ದಿನ ಹೊತ್ತು ಮೂಡುವ ಮೊದಲೇ ನಲವತ್ತು ಕುರಿ ಹೊಡೆದುಕೊಂಡು ಕ್ಲಬ್ಬಿನ ಹಿಂದಿನ ಗೇಟಿಗೆ ಬಂದ.

ತುಂಬಿದ್ದನ್ನು ಮತ್ತೆ ಹೊರಗೆ ತೆಗೆದು, ನಾಲ್ಕು ಬೆರಳು ಹರಡಿ, ಹದವಾಗಿ ನೆನೆಸಿ, ಬದಿಗೆ ಹಳೆಯ ನೆಟ್ ಕಟ್ಟಿ ಕುರಿಗಳನ್ನು ಆ ಪಟ್ಟಿಯೊಳಗೆ ಬಿಟ್ಟೆವು. ಮಾವ ಮುಂದೆ ಸೊಪ್ಪು ಹಿಡಿದು ನಡೆಯುವುದು, ನಾನು ಹಿಂದಿನಿಂದ ಹುರ್ ಅನ್ನುವುದು. ಅರ್ಧ ತಾಸು ತುಳಿಸಿ, ಹಿಕ್ಕೆ ಗುಡಿಸಿ, ಮತ್ತೆ ನಾಲ್ಕು ಬೆರಳು. ಎರಡನೇ ಪದರದ ಹೊತ್ತಿಗೆ ಸೆಕ್ರೆಟರಿ ವಾಕಿಂಗ್ ಮುಗಿಸಿ ಬಂದರು. "ಹೇ ಕಾಯ ಚಾಲಲಂಯ?", ಇದೇನು ನಡೆದಿದೆ ಎಂದು ಮರಾಠಿಯಲ್ಲಿ ಕೇಳಿ, ಉತ್ತರಕ್ಕೂ ಕಾಯದೆ ಮೂಗಿಗೆ ಕರವಸ್ತ್ರ ಹಿಡಿದರು. ವಾಸನೆ ಇತ್ತು, ಸುಳ್ಳು ಹೇಳಲಾರೆ. ನಾನು ಸಲಾಕೆ ಅವರ ಕೈಗೆ ಕೊಟ್ಟು, ಚುಚ್ಚಿ ನೋಡಿರಿ ಎಂದೆ. ಚುಚ್ಚಿದರು. ಮೈಭಾರ ಹಾಕಿ ಚುಚ್ಚಿದರು. ಇಳಿಯಲಿಲ್ಲ. ಸಲಾಕೆ ತಿರುಗಿ ಕೊಟ್ಟು, ಯಾರೂ ಫೋಟೋ ತೆಗೆಯದ ಹಾಗೆ ನೋಡಿಕೋ ಎಂದು ಹೇಳಿ ಹೋದರು.

ಮೂರು ದಿನ ಕುರಿ ತುಳಿದವು. ನಾಲ್ಕನೇ ದಿನ ರೋಲರ್, ಮೇಲೆ ತೆಳ್ಳಗೆ ಇಟ್ಟಿಗೆ ಪುಡಿ. ನೆಟ್ ಮುಂದೆ ಹೊಸ ಮುರುಮು ತುಂಬಿ ಮಟ್ಟ ಮಾಡಿದೆ. ಹದಿನೈದನೇ ದಿನ ರೆಫರಿ ಮೇಡಂ ಬಂದರು. ಹಿಂದೆ ಹೋಗಿ ಹಿಮ್ಮಡಿ ಊರಿದರು, ತಿರುವಿದರು. ಒಂದು ಗೀರು ಬಿತ್ತು ಅಷ್ಟೇ. ಇಚಲಕರಂಜಿಯ ಹುಡುಗಿಯನ್ನು ಓಡಿಸಿ ಜಾರಿಸಿ ನೋಡಿದರು. ಅವಳು ಬೇಲಿಯ ತನಕ ಜಾರಿ ನಿಂತು, ನನ್ನ ಕಡೆ ತಿರುಗಿ ಹೆಬ್ಬೆರಳು ಎತ್ತಿದಳು. ನೆಟ್ ಮುಂದಿನ ನೆಲವನ್ನು ಮೇಡಂ ಬೂಟಿನಿಂದ ತಟ್ಟಿ, ಇದು ಸ್ವಲ್ಪ ಹಸಿ, ನಡೆಯುತ್ತದೆ ಎಂದರು. ಹಾಳೆಗೆ ಸಹಿ ಬಿತ್ತು. ಸಿಮೆಂಟಿನ ಮಾತು ಅಲ್ಲಿಗೆ ನಿಂತಿತು.

ನಾಲ್ಕು ದಿನ, ಏಳು ಪಂದ್ಯ. ಹಿಂದಿನ ಪಟ್ಟಿ ಎಲ್ಲವನ್ನೂ ತಾಳಿಕೊಂಡಿತು. ನೆಟ್ ಹತ್ತಿರ ಹೆಜ್ಜೆ ಬಿದ್ದದ್ದು ಎದುರಿನವರು ಚೆಂಡನ್ನು ಮೆಲ್ಲಗೆ ಮುಂದೆ ಬೀಳಿಸಿದಾಗ, ಇಲ್ಲವೇ ಪಂದ್ಯ ಮುಗಿದು ಕೈ ಕುಲುಕಲು ಬಂದಾಗ. ನಮ್ಮ ಹುಡುಗಿ ಎರಡನೇ ಪಂದ್ಯದಲ್ಲಿ ಸೋತಳು. ಅದರಲ್ಲಿ ಒಂದು ಚೆಂಡಿಗೆ ಇಬ್ಬರೂ ಮೂವತ್ತಕ್ಕೂ ಹೆಚ್ಚು ಸಲ ಹೊಡೆದರು. ಹಿಂದೆ ನಿಂತು ಆಡುವುದು ಸೋಮಾರಿ ಆಟ ಅಂದುಕೊಂಡಿದ್ದೆ ನಾನು, ಸಾವಕಾರರ ಮಾತು ಕೇಳಿ ಕೇಳಿ. ಅವಳ ತೊಡೆ ನಡುಗುವುದನ್ನು ಹತ್ತಿರದಿಂದ ನೋಡಿದ ಮೇಲೆ ಆ ಮಾತು ವಾಪಸ್ ತೆಗೆದುಕೊಂಡೆ.

ಕೊನೇ ದಿನ ಸಾವಕಾರರು ಬಂದರು. ಆಟ ಮುಗಿಯುವವರೆಗೂ ನೆರಳಿನ ಖುರ್ಚಿಯಲ್ಲಿ ಕೂತಿದ್ದರು. ಜನ ಕರಗಿದ ಮೇಲೆ ಎದ್ದು, ಕೋಲು ಊರುತ್ತ ನೇರ ನೆಟ್ ಕಡೆಗೆ ನಡೆದರು. ನಾನು ಹಿಂದೆ. ತಮ್ಮ ಜಾಗಕ್ಕೆ ಬಂದು ಕೋಲಿನಿಂದ ಎರಡು ಸಲ ತಟ್ಟಿದರು. ಹೊಸ ಮುರುಮು ಕರ್ ಅಂದಿತು.

"ಇದು ನನ್ನ ಮಣ್ಣಲ್ಲಲೋ."

ನಾನು ಏನೂ ಮುಚ್ಚಿಡಲಿಲ್ಲ. ಶಿರೋಳದ ಮಣ್ಣು, ಮುರುಮು, ಸಿಮೆಂಟಿನ ಮಾತು, ಕುರಿ, ಎಲ್ಲ ಹೇಳಿದೆ. ಫೋನು ತೆಗೆದು ಮತ್ತೆ ಕಿಸೆಗೆ ಹಾಕಿದ್ದನ್ನೂ ಹೇಳಿದೆ. ನಿಮ್ಮ ಮಣ್ಣು ಅಲ್ಲಿ ಐತ್ರಿ ಎಂದು ಬೇಲಿಯ ಕಡೆ ಕೈ ತೋರಿಸಿದೆ. ಬೈಯಲಿ ಅಂತ ಕಾದೆ. ಬೈದಿದ್ದರೆ ಹಗುರಾಗುತ್ತಿತ್ತು.

ಅವರು ಬೈಯಲಿಲ್ಲ. ಬೇಲಿಯ ತನಕ ನಡೆದು ಹೋದರು. ಅಷ್ಟು ದೂರ ನಡೆಯಲು ಅವರಿಗೆ ಬಹಳ ಹೊತ್ತು ಬೇಕಾಯಿತು. ಬೇಲಿಗೆ ಬೆನ್ನು ಮಾಡಿ, ನನ್ನ ದಾಸವಾಳ ಇದ್ದ ಜಾಗದಲ್ಲಿ ನಿಂತು, ಬೂಟಿನ ತುದಿಯಿಂದ ನೆಲ ಮುಟ್ಟಿ ನೋಡಿದರು. ಆಮೇಲೆ ತಲೆ ಎತ್ತಿದರು.

"ಇಲ್ಲಿಂದ ಕೋರ್ಟ್ ಪೂರಾ ಕಾಣ್ತೈತಿ ನೋಡು," ಅಂದರು. "ಅಲ್ಲಿ ನಿಂತಾಗ ನನಗ ಎದುರಿನವನ ಮಾರಿ ಅಷ್ಟ ಕಾಣ್ತಿತ್ತು."

ಕೈ ಚಾಚಿ, ಒಂದು ರಾಕೆಟ್ ಕೊಡು ಎಂದರು. ರಾಕೆಟ್ ಕೊಟ್ಟು ಕೋಲು ಇಸಿದುಕೊಂಡು ಬೇಲಿಗೆ ಒರಗಿಸಿದೆ. ನೆಟ್ಟಿನ ಆ ಕಡೆ ಹೋಗಿ, ಅವರು ಹೆಜ್ಜೆ ಎತ್ತಿಡುವ ಕೆಲಸ ಬೀಳದ ಹಾಗೆ ಚೆಂಡನ್ನು ಎತ್ತರಿಸಿ ನೇರ ಅವರ ಕಡೆಗೇ ಹೊಡೆದೆ.

ಇಪ್ಪತ್ತು ವರ್ಷ ಅವರ ಎದುರು ಆಡಿದವ ನಾನು. ನಾನು ತಿರುಗಿ ಹೊಡೆದ ಚೆಂಡು ಎಂದೂ ಅವರ ಮುಂದೆ ನೆಲ ಮುಟ್ಟಿರಲಿಲ್ಲ. ಅವತ್ತು ಸಾವಕಾರರು ರಾಕೆಟ್ ಹಿಂದಕ್ಕೆ ತೆಗೆದುಕೊಂಡು, ಚೆಂಡು ಬಿದ್ದು ಪುಟಿದು ಸೊಂಟದ ಮಟ್ಟಕ್ಕೆ ಇಳಿಯುವವರೆಗೆ ಕಾದರು.